ಗ್ರೇಪ್‌ಫ್ರೂಟ್ ಅಂದರೆ ದ್ರಾಕ್ಷಿಯೇ? ರಕ್ತ ಕ್ಯಾನ್ಸರಿನ ಮಾತ್ರೆಯ ಚೀಟಿಗೆ ಕೆಲವು ಪದ ಬೇಕು

ಬಳಗದವರಿಗೆ ನಮಸ್ಕಾರ.

ಇಮ್ಯಾಟಿನಿಬ್ ಎಂಬ ಮಾತ್ರೆಯ ಬಗ್ಗೆ ರೋಗಿಗಳ ಕೈಗೆ ಕೊಡುವ ಚೀಟಿಯೊಂದರ ಕನ್ನಡವನ್ನು ತಿದ್ದಿಕೊಡಲು ಒಪ್ಪಿಕೊಂಡಿದ್ದೇನೆ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಆಸ್ಪತ್ರೆಗಳಲ್ಲಿ ಸಿಎಂಎಲ್ ಎಂದು ಕರೆಯುವ ರಕ್ತ ಕ್ಯಾನ್ಸರಿಗೆ ಕೊಡುವ ಮಾತ್ರೆ ಇದು. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಗ್ಲಿವೆಕ್ ಎಂಬ ಹೆಸರು ಹೇಳಿದರೆ ಕೆಲವರಿಗೆ ನೆನಪಾದೀತು. ಅದರ ಪೇಟೆಂಟ್ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತ್ತು. ಚೀಟಿಯ ವೈದ್ಯಕೀಯ ವಿಷಯವನ್ನು ಗೊತ್ತಿದ್ದ ಡಾಕ್ಟರು ನೋಡಿಯಾಗಿದೆ. ನನ್ನ ತಕರಾರು ಬರೀ ಮಾತಿನದು. ಆದರೆ ಈ ಮಾತ್ರೆಯನ್ನು ರೋಗಿ ಮನೆಯಲ್ಲಿ ಕೂತು, ದಿನಾ, ವರ್ಷಗಟ್ಟಲೆ ನುಂಗಬೇಕು. ಡ್ರಿಪ್ ಹಾಕಿ ಪಕ್ಕದಲ್ಲಿ ನಿಲ್ಲುವ ನರ್ಸು ಇರುವುದಿಲ್ಲ. ಹಾಗಾಗಿ ಮಾತು ತಪ್ಪಿದರೆ ಮದ್ದೂ ತಪ್ಪುತ್ತದೆ.

ಮೊದಲು ಹಣ್ಣಿನ ವಿಷಯ. ಕೈಗೆ ಬಂದ ಕರಡಿನಲ್ಲಿ "ಈ ಔಷಧಿ ಸೇವಿಸುವಾಗ ದ್ರಾಕ್ಷಿಹಣ್ಣಿನ ರಸ ಕುಡಿಯಬಾರದು" ಎಂದಿದೆ. ಮೂಲದಲ್ಲಿ ಇರುವುದು ಗ್ರೇಪ್‌ಫ್ರೂಟ್. ಕಂಪ್ಯೂಟರ್ ಅನುವಾದಕ್ಕೆ ಹಾಕಿದರೂ ದ್ರಾಕ್ಷಿಯೇ ಉದುರುತ್ತದೆ. ಪಾಪ, ಅದಕ್ಕೇನು ಗೊತ್ತು. ಗ್ರೇಪ್‌ಫ್ರೂಟಿಗೂ ದ್ರಾಕ್ಷಿಗೂ ನಂಟಿಲ್ಲ. ಗೊಂಚಲು ಗೊಂಚಲಾಗಿ ಕಾಯಿ ಬಿಡುತ್ತದೆಂದು ಆ ಹೆಸರು ಬಂತು ಅನ್ನುತ್ತಾರೆ. ಅದು ಚಕ್ಕೋತವೂ ಕಿತ್ತಳೆಯೂ ಬೆರೆತು ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿದ, ನಿಂಬೆಯ ಕುಲಕ್ಕೆ ಸೇರಿದ ಹಣ್ಣು.

ಅದನ್ನು ಬೇಡ ಅನ್ನುವುದಕ್ಕೆ ಕಾರಣವಿದೆ. ನಮ್ಮ ಕರುಳಿನ ಒಳಪದರದಲ್ಲೂ ಪಿತ್ತಜನಕಾಂಗದಲ್ಲೂ ಸಿವೈಪಿ3ಎ4 ಎಂಬ ಕಿಣ್ವವಿದೆ. ಇಮ್ಯಾಟಿನಿಬ್ಬನ್ನು ಒಡೆದು ಹಾಕುವ ಕೆಲಸದಲ್ಲಿ ಹೆಚ್ಚಿನ ಪಾಲು ಅದರದೇ. ಗ್ರೇಪ್‌ಫ್ರೂಟಿನ ರಸದಲ್ಲಿರುವ ಫ್ಯುರಾನೊಕೌಮರಿನ್ ಎಂಬ ವಸ್ತುಗಳು ಕರುಳಿನಲ್ಲಿ ಆ ಕಿಣ್ವದ ಕೈಕಟ್ಟುತ್ತವೆ. ಒಡೆಯಬೇಕಾದ ಔಷಧ ಒಡೆಯದೆ ರಕ್ತದಲ್ಲಿ ಏರಿ ಕೂರುತ್ತದೆ, ತೊಂದರೆಗಳೂ ಏರುತ್ತವೆ. ಇದು ಗೊತ್ತಾದದ್ದೇ ಆಕಸ್ಮಿಕವಾಗಿ. ಕೆನಡಾದಲ್ಲಿ ರಕ್ತದೊತ್ತಡದ ಮಾತ್ರೆಯೊಂದರ ಜೊತೆ ಮದ್ಯ ಕೊಟ್ಟು ಪರೀಕ್ಷೆ ಮಾಡುತ್ತಿದ್ದವರು, ಮದ್ಯದ ರುಚಿ ತಿಳಿಯದಿರಲಿ ಎಂದು ಗ್ರೇಪ್‌ಫ್ರೂಟಿನ ರಸ ಬೆರೆಸಿದ್ದರು. ಲೆಕ್ಕಕ್ಕೆ ಸಿಗದಷ್ಟು ಔಷಧ ರಕ್ತದಲ್ಲಿ ಕಂಡಿತು. ಹುಡುಕಿದರೆ ಅದು ರಸದ ಕಿತಾಪತಿ.

ಈಗ ದ್ರಾಕ್ಷಿ ಎಂದು ಅಚ್ಚಾದರೆ ಏನಾಗುತ್ತದೆ ನೋಡಿ. ವಿಜಯಪುರದ ಕಡೆಯ ರೋಗಿಯೊಬ್ಬ ತನ್ನದೇ ತೋಟದ ದ್ರಾಕ್ಷಿಯನ್ನು ಸುಮ್ಮಸುಮ್ಮನೆ ಬಿಟ್ಟು ಕೂರುತ್ತಾನೆ. ಬಿಡಬೇಕಾದ್ದನ್ನು ಬಿಡು ಎಂದು ಮಾತ್ರ ಅವನಿಗೆ ಯಾರೂ ಹೇಳಿದಂತಾಗುವುದಿಲ್ಲ. ಗ್ರೇಪ್‌ಫ್ರೂಟ್ ನಮ್ಮ ಸಂತೆಗೆ ಬರುವ ಹಣ್ಣಲ್ಲ ನಿಜ, ಆದರೆ ಅದರ ಹೆತ್ತವರಲ್ಲಿ ಒಂದಾದ ಚಕ್ಕೋತ ಬರುತ್ತದೆ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಪಟ್ಟವೇ ಸಿಕ್ಕಿದೆ. ಅದೇ ಬಗೆಯ ವಸ್ತುಗಳು ಚಕ್ಕೋತದಲ್ಲೂ ಇರುವುದರಿಂದ ಎಚ್ಚರಿಕೆ ಅದಕ್ಕೂ ಸಲ್ಲಬೇಕು ಎಂಬುದು ಡಾಕ್ಟರ ಮಾತು.

ಸರಿ, ಚಕ್ಕೋತ ಎಂದು ಬರೆದುಬಿಡೋಣ ಅಂದರೆ ಅಲ್ಲೊಂದು ತೊಡಕು. ಬೆಂಗಳೂರು, ಕೋಲಾರ, ತುಮಕೂರಿನ ಕಡೆ ಬರೀ 'ಚಕ್ಕೋತ' ಅಂದರೆ ಅರ್ಧ ಜನಕ್ಕೆ ನೆನಪಾಗುವುದು ಸೊಪ್ಪು. ಸೊಪ್ಪಿನವಳ ಹತ್ತಿರ ದಂಟು, ಸಬ್ಬಸಿಗೆ, ಪಾಲಕ್ ಜೊತೆ ಕಟ್ಟು ಕಟ್ಟಾಗಿ ಇರುತ್ತದಲ್ಲ, ಬಸ್ಸಾರಿಗೆ ಹಾಕುತ್ತೇವಲ್ಲ, ಅದು. ಈ ಎಚ್ಚರಿಕೆಗೂ ಆ ಸೊಪ್ಪಿಗೂ ಸಂಬಂಧವಿಲ್ಲ. ಹಾಗಾಗಿ ಸದ್ಯಕ್ಕೆ ನಾನು ಬರೆದಿಟ್ಟಿರುವ ವಾಕ್ಯ ಹೀಗಿದೆ: "ಚಕ್ಕೋತದ ಹಣ್ಣನ್ನೂ, ಅದೇ ಜಾತಿಯ ಗ್ರೇಪ್‌ಫ್ರೂಟ್ ಎಂಬ ಹಣ್ಣನ್ನೂ ತಿನ್ನಬೇಡಿ, ಅವುಗಳ ರಸವನ್ನೂ ಕುಡಿಯಬೇಡಿ. ಇದು ದ್ರಾಕ್ಷಿಯ ಮಾತಲ್ಲ, ಚಕ್ಕೋತ ಸೊಪ್ಪಿನ ಮಾತೂ ಅಲ್ಲ." ಕೊನೆಯ ವಾಕ್ಯ ನೋಡಿ ಡಾಕ್ಟರು ನಕ್ಕರು, ಆದರೆ ತೆಗೆಯಿರಿ ಅನ್ನಲಿಲ್ಲ.

ಮಲೆನಾಡಿನವರಿಗೂ ಕರಾವಳಿಯವರಿಗೂ ನನ್ನ ಪ್ರಶ್ನೆ: ಈ ದೊಡ್ಡ ಹಣ್ಣನ್ನು, ಬಿಡಿಸಿದರೆ ಒಳಗೆ ಕೆಂಪಗೋ ಬೆಳ್ಳಗೋ ತೊಳೆ ಇರುವುದನ್ನು, ನಿಮ್ಮ ಕಡೆ ಏನನ್ನುತ್ತೀರಿ? ಕಂಚಿ, ಹೇರಳೆ, ಗಜನಿಂಬೆ, ಮಾದಲ ಇವುಗಳಲ್ಲಿ ಯಾವುದಾದರೂ ಹೆಸರು ಚಕ್ಕೋತಕ್ಕೂ ನಡೆಯುತ್ತದೆಯೇ? ನಿಘಂಟಿನ ಉತ್ತರ ಬೇಡ. ನಿಮ್ಮ ಮನೆಯಲ್ಲಿ ಅಜ್ಜಿ ಏನನ್ನುತ್ತಾರೆ ಹೇಳಿ. ಗೊಜ್ಜಿಗೋ ಚಿತ್ರಾನ್ನಕ್ಕೋ ಹಿಂಡುವ ಹುಳಿಕಾಯಿಗೂ ಚಕ್ಕೋತಕ್ಕೂ ಒಂದೇ ಹೆಸರಿದ್ದರೆ ನನ್ನ ವಾಕ್ಯ ಅಲ್ಲಿ ಮತ್ತೆ ಕೆಡುತ್ತದೆ.

ಇನ್ನು ಶೀರ್ಷಿಕೆಯ ಪದ. ಕರಡಿನಲ್ಲಿ 'ಪಾರ್ಶ್ವ ಪರಿಣಾಮಗಳು' ಎಂದಿದೆ. ಪಾರ್ಶ್ವ ಅಂದೊಡನೆ ಹಳ್ಳಿಯ ಕಿವಿಗೆ ಕೇಳುವುದು ಪಾರ್ಶ್ವವಾಯು, ಲಕ್ವ. ರಕ್ತ ಕ್ಯಾನ್ಸರು ಎಂದು ಕೇಳಿಯೇ ಅರ್ಧ ಜೀವವಾದವನಿಗೆ ಇದೂ ಬೇಕೇ? 'ದುಷ್ಪರಿಣಾಮ' ಅಂದರೆ ಮಾತ್ರೆಯೇ ದುಷ್ಟ ಎಂಬಂತೆ. 'ಅಡ್ಡ ಪರಿಣಾಮ' ಪತ್ರಿಕೆಗಳಿಂದಾಗಿ ರೂಢಿಗೆ ಬಂದಿದೆ, ನಡೆದೀತು. ಬಾಯಿಮಾತಿನಲ್ಲಂತೂ ಎಲ್ಲರೂ ಸೈಡ್ ಎಫೆಕ್ಟ್ ಅನ್ನುವುದೇ. ಆದರೆ ನನಗೆ ಹೆಚ್ಚು ಹಿಡಿಸಿದ್ದು ರೋಗಿಗಳೇ ಆಡುವ ಇನ್ನೆರಡು ಮಾತು: 'ಮಾತ್ರೆ ಆಗಿಬರಲಿಲ್ಲ' ಮತ್ತು 'ಮಾತ್ರೆ ಹೀಟು'. ಮೊದಲನೆಯದು ಎಷ್ಟು ಸೊಗಸಾದ ಮಾತೋ ಅಷ್ಟೇ ಅಪಾಯದ್ದು. ಆಗಿಬರಲಿಲ್ಲ ಅಂದರೆ ಮುಗಿಯಿತು, ಬಿಟ್ಟುಬಿಡುವುದೇ ಮುಂದಿನ ಹೆಜ್ಜೆ. ಈ ಮಾತ್ರೆಯನ್ನು ತಾನಾಗಿ ಬಿಟ್ಟರೆ ಹಿಡಿತದಲ್ಲಿದ್ದ ಕಾಯಿಲೆ ಮತ್ತೆ ತಲೆಯೆತ್ತುತ್ತದೆ. ಹೀಟಿನ ಕಥೆಯೂ ಅದೇ. ಮೈಮೇಲೆ ದದ್ದು, ಬಾಯಿಹುಣ್ಣು, ಭೇದಿ ಎಲ್ಲವೂ ಉಷ್ಣದ ಖಾತೆಗೆ ಜಮಾ ಆಗಿ, ಎಳನೀರು, ಮಜ್ಜಿಗೆ, ಆಮೇಲೆ ಯಾರೋ ಹೇಳಿದ ಕಷಾಯ, ಕೊನೆಗೆ 'ನಾಲ್ಕು ದಿನ ಮಾತ್ರೆ ನಿಲ್ಲಿಸಿ ನೋಡೋಣ'. ಎಳನೀರು, ಮಜ್ಜಿಗೆಗೆ ನನ್ನ ತಕರಾರಿಲ್ಲ. ಆದರೆ ಡಾಕ್ಟರಿಗೆ ಹೇಳದೆ ಕುಡಿಯುವ ಕಷಾಯ ಬೇರೆ ಮಾತು. ಯುರೋಪಿನವರು ಮನಸ್ಸಿನ ಬೇಸರಕ್ಕೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಔಷಧ ಇಮ್ಯಾಟಿನಿಬ್ಬಿನ ಬಲವನ್ನೇ ತಗ್ಗಿಸುತ್ತದೆ. ನಮ್ಮಲ್ಲಿ ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್ ಮಾಡುವುದೂ ಅದನ್ನೇ. ಹಾಗಾಗಿ 'ಇತರ ಔಷಧಗಳೊಂದಿಗಿನ ಅಂತರಕ್ರಿಯೆ' ಎಂಬ ಕರಡಿನ ತಲೆಬರಹ ಹೊಡೆದುಹಾಕಿ 'ಬೇರೆ ಯಾವುದೇ ಮದ್ದು, ಕಷಾಯ, ಪುಡಿ ತೆಗೆದುಕೊಳ್ಳುವ ಮುಂಚೆ ಕೇಳಿ' ಎಂದು ಹಾಕಿದ್ದೇನೆ. ಜ್ವರ, ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಪ್ಯಾರಾಸಿಟಮಾಲ್ ಕೂಡ ಇದರಲ್ಲಿ ಬರುತ್ತದೆ, ಪಿತ್ತಜನಕಾಂಗದ ಕಾರಣಕ್ಕೆ. ನನ್ನ ಅಭಿಪ್ರಾಯ, ಚೀಟಿಯಲ್ಲಿ 'ಹೀಟು' ಎಂಬ ಪದವನ್ನೇ ಬಳಸಬೇಕು: "ಇದು ಹೀಟಿನಿಂದ ಆಗುವುದಲ್ಲ, ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ." ಪಂಡಿತರು ಮೂಗು ಮುರಿದಾರು, ಮುರಿಯಲಿ.

ಊತದ ಪದ ನನಗೆ ಇನ್ನೂ ಹತ್ತಿಲ್ಲ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಹಳ ಜನರಿಗೆ ಬೆಳಿಗ್ಗೆ ಏಳುವ ಹೊತ್ತಿಗೆ ಕಣ್ಣಿನ ಸುತ್ತ ಉಬ್ಬಿರುತ್ತದೆ, ರೆಪ್ಪೆ ಭಾರವಾಗಿರುತ್ತದೆ. ಕೆಲವರಿಗೆ ಕಾಲೂ ಊದುತ್ತದೆ. ಕರಡಿನಲ್ಲಿ 'ದ್ರವ ಧಾರಣೆ' ಎಂದಿತ್ತು. ಉಪನಯನದಲ್ಲಿ ಜನಿವಾರ ಧಾರಣೆ ಮಾಡಿದ ಹಾಗಾಯಿತು, ತೆಗೆದೆ. 'ಮೈಯಲ್ಲಿ ನೀರು ತುಂಬಿಕೊಳ್ಳುವುದು' ಎಂದು ಬರೆದೆ. ಸಹಜವಾಗಿದೆ, ಆದರೆ ಓದಿದ ರೋಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ? ಈ ಮಾತ್ರೆಯನ್ನು ಹೊಟ್ಟೆ ಕೆಡದಿರಲಿ ಎಂದು ಊಟ ಅಥವಾ ತಿಂಡಿಯ ಜೊತೆ, ದೊಡ್ಡ ಲೋಟ ತುಂಬ ನೀರಿನೊಂದಿಗೇ ನುಂಗಬೇಕು. ಎರಡೂ ಮಾತು ಅಕ್ಕಪಕ್ಕದಲ್ಲಿದ್ದರೆ ಓದುವವನಿಗೆ ಗೊಂದಲ. 'ಬಾವು' ಎನ್ನೋಣವೆಂದರೆ ನಮ್ಮ ಹಾಸನದ ಕಡೆ ಬಾವು ಅಂದರೆ ಕೀವು, ನೋವು ಇರಬೇಕು. ಧಾರವಾಡ, ಬೆಳಗಾವಿ ಕಡೆಯವರು "ಕಾಲಿಗೆ ಬಾವು ಬಂದದ" ಎಂದು ಬರೀ ಊತಕ್ಕೂ ಅನ್ನುವುದನ್ನು ಕೇಳಿದ್ದೇನೆ. ಕಣ್ಣಿನ ಉಬ್ಬಿಗೂ ಬಾವು ಅನ್ನುತ್ತೀರಾ? ನೆನಪಿಡಿ, ಇಲ್ಲಿ ಎರಡು ಹಂತದ ಪದ ಬೇಕು. ಬೆಳಗಿನ ಕಣ್ಣುಬ್ಬು ಸಾಮಾನ್ಯ, ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು. ತೂಕ ದಿಢೀರನೆ ಏರಿ ಏದುಸಿರು ಬಂದರೆ ಅದು ಎದೆಯಲ್ಲಿ, ಶ್ವಾಸಕೋಶದ ಸುತ್ತ ನೀರು ಸೇರಿರುವ ಸೂಚನೆ ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎರಡಕ್ಕೂ 'ಊತ' ಎಂದು ಒಂದೇ ಪದ ಹಾಕಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಬಣ್ಣದ ಪದದಲ್ಲೂ ಹೀಗೇ. ಇಮ್ಯಾಟಿನಿಬ್ಬಿನಿಂದ ಚರ್ಮದ ಬಣ್ಣ ತಿಳಿಯಾಗುವುದುಂಟು, ಕಪ್ಪು ಮೈಬಣ್ಣದವರಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕರಡಿನಲ್ಲಿ 'ಚರ್ಮ ಬಿಳಿಚಿಕೊಳ್ಳುವುದು' ಎಂದಿದೆ. ಆದರೆ ಬಿಳಿಚಿಕೊಳ್ಳುವುದು ಅಂದರೆ ರಕ್ತ ಕಡಿಮೆಯಾಗಿ ಮುಖ ಸಪ್ಪೆಯಾಗುವುದು ಅಲ್ಲವೇ? ಅದೂ ಈ ಮಾತ್ರೆಯಿಂದ ಆಗಬಹುದಾದದ್ದೇ, ಅದಕ್ಕೆ ರಕ್ತಪರೀಕ್ಷೆ ಬೇಕು. ಬಣ್ಣ ತಿಳಿಯಾಗುವುದು ಅಷ್ಟು ಗಾಬರಿಯ ವಿಷಯವಲ್ಲ. 'ಬೆಳ್ಳಗಾಗುವುದು' ಎಂದರೆ ಕೆಲವರಿಗೆ ಖುಷಿ, ಕೆಲವರಿಗೆ ತೊನ್ನಿನ ಭಯ. 'ಮೈಬಣ್ಣ ತಿಳಿಯಾಗುವುದು' ಎಂದೇ ಇಡಲೇ?

'ಕೌಂಟ್' ಪದವನ್ನು ಹಾಗೇ ಉಳಿಸಿದ್ದೇನೆ, ಅದಕ್ಕೆ ಕನ್ನಡ ಹುಡುಕುವ ಗೋಜಿಗೆ ಹೋಗಿಲ್ಲ. ಕಷ್ಟ ಇರುವುದು ಅದರ ಜೊತೆಯ ಕ್ರಿಯಾಪದದಲ್ಲಿ. ಈ ಕಾಯಿಲೆಯಲ್ಲಿ ಬಿಳಿ ರಕ್ತಕಣ ವಿಪರೀತ ಏರಿರುತ್ತದೆ, ಮಾತ್ರೆ ಶುರುವಾದ ಮೇಲೆ "ಕೌಂಟ್ ಇಳೀತು" ಅಂದರೆ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಅದೇ ಕೌಂಟು ಅತಿಯಾಗಿ ಇಳಿದರೆ ಸೋಂಕಿನ ಭಯ, ಪ್ಲೇಟ್‌ಲೆಟ್ ಇಳಿದರೆ ರಕ್ತಸ್ರಾವದ ಭಯ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗೆ ಬಂದರೆ ಡಾಕ್ಟರೇ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವುದುಂಟು. ಒಳ್ಳೆಯದಕ್ಕೆ 'ಹತೋಟಿಗೆ ಬಂತು', ಕೆಟ್ಟದ್ದಕ್ಕೆ 'ತೀರಾ ಕುಸಿಯಿತು' ಎಂದು ಬೇರೆ ಬೇರೆ ಮಾಡಿದ್ದೇನೆ. ಇದಕ್ಕಿಂತ ಒಳ್ಳೆಯ ಜೋಡಿ ಯಾರಿಗಾದರೂ ಹೊಳೆದರೆ ತಿಳಿಸಿ.

ಮರೆತ ಮಾತ್ರೆಯ ವಾಕ್ಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ: "ನಿನ್ನೆಯದು ಮರೆತಿದ್ದರೆ ಇವತ್ತು ಎರಡು ನುಂಗಬೇಡಿ." ವಾಕರಿಕೆ, ಸುಸ್ತು, ರಾತ್ರಿ ಹೊತ್ತು ಮೀನಖಂಡ ಹಿಡಿದುಕೊಳ್ಳುವುದು, ಇವಕ್ಕೂ ಮನೆಮಾತು ತಾನಾಗಿ ಒದಗಿತು. ಬಸಿರಿನ ವಿಷಯಕ್ಕೂ ಅಷ್ಟೇ. ಮಾತ್ರೆ ನಡೆಯುತ್ತಿರುವಾಗಲೂ ನಿಲ್ಲಿಸಿದ ಮೇಲೆ ಕನಿಷ್ಠ ಎರಡು ವಾರವೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಎದೆಹಾಲು ಕೊಡಬಾರದು ಎಂದು ನೇರವಾಗಿ ಬರೆದಿದ್ದೇನೆ. 'ಗರ್ಭನಿರೋಧಕ ಕ್ರಮ ಅನುಸರಿಸತಕ್ಕದ್ದು' ಎಂಬ ಸರ್ಕಾರಿ ಗೋಡೆಬರಹದ ಭಾಷೆ ಬಿಟ್ಟಿದ್ದೇನೆ.

ಕೊನೆಯದು ಕುಟ್ಟುವ, ಅರೆಯುವ ಪದಗಳು. ನುಂಗಲಾರದವರಿಗೆ ಮಾತ್ರೆಯನ್ನು ನೀರಿಗೆ ಹಾಕಿ ಕೊಡಬಹುದು: 100 ಮಿಲಿಗ್ರಾಂ ಮಾತ್ರೆಗೆ ಸುಮಾರು 50 ಮಿಲಿಲೀಟರ್, 400 ಮಿಲಿಗ್ರಾಮಿನದಕ್ಕೆ 200 ಮಿಲಿಲೀಟರ್. ಚಮಚದಲ್ಲಿ ತಿರುಗಿಸುತ್ತಿದ್ದರೆ ಬಿಚ್ಚಿಕೊಳ್ಳುತ್ತದೆ, ಆಗಲೇ ಕುಡಿದುಬಿಡಬೇಕು. ಆದರೆ ಕುಟ್ಟಿ ಪುಡಿ ಮಾಡಬಾರದು. ಪುಡಿ ಕೈಗೆ, ಕಣ್ಣಿಗೆ ತಾಗಬಾರದು, ಬಸುರಿಯರಂತೂ ಮುಟ್ಟಲೇಬಾರದು. ನಮ್ಮಲ್ಲಿ ಮುದುಕರಿಗೆ ಮಾತ್ರೆ ಕೊಡುವ ಕೆಲಸ ಹೆಚ್ಚಾಗಿ ಸೊಸೆಯದು. ಅವಳು ಎರಡು ಚಮಚದ ನಡುವೆ ಒತ್ತಿ ನುರಿದು ಜೇನುತುಪ್ಪದಲ್ಲಿ ಕಲೆಸಿ ಕೊಡುವುದು ವಾಡಿಕೆ. ಕರಡಿನಲ್ಲಿರುವ 'ಪುಡಿಗೈಯಬಾರದು, ಕರಗಿಸಬಹುದು' ಎಂಬುದು ಅವಳಿಗೆ ತಟ್ಟುವುದಿಲ್ಲ. 'ಕರಗು' ಅಂದರೆ ಸಕ್ಕರೆಯಂತೆ ಕಾಣದಾಗಬೇಕು, ಇದು ಹಾಗಾಗುವುದಿಲ್ಲ. ನೀರು ಮಬ್ಬಾಗಿಯೇ ಇರುತ್ತದೆ, ಕರಗಲಿಲ್ಲ ಎಂದು ಅವಳು ಕಾಯುತ್ತಾ ಕೂರಬಾರದು. ನಾನು "ಕುಟ್ಟಬೇಡಿ, ನುರಿಯಬೇಡಿ, ಅರೆಯಬೇಡಿ, ನೀರಿಗೆ ಹಾಕಿ ಕದಡಿ ಕೊಡಿ" ಎಂದಿದ್ದೇನೆ. ಉತ್ತರ ಕರ್ನಾಟಕದಲ್ಲಿ 'ಕದಡು' ನಡೆಯುತ್ತದೆಯೇ, ಅಥವಾ 'ಕಲೆಸಿ' ಅಂದರೆ ಸರಿಯೇ? 'ನುರಿ'ಯ ಬದಲು ಅಲ್ಲಿಯ ಹೆಣ್ಣುಮಕ್ಕಳು ದಿನಾ ಆಡುವ ಮಾತು ಯಾವುದು?