ಟೋಕನ್ ಕೊಡುವ ಮುಂಚೆ: ಪುಣೆಯಲ್ಲಿ ರಿನೋವೇಟ್ ಮಾಡಿದ ಸ್ಟುಡಿಯೋ ಮನೆ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಜೂನ್‌ಗೆ ಹುಬ್ಬಳ್ಳಿಯಿಂದ ಪುಣೆಗೆ ಬರುತ್ತಿದ್ದೇವೆ. ನಾವಿಬ್ಬರು, ನಾಲ್ಕು ವರ್ಷದ ಮಗಳು. ಸಹಕಾರನಗರದ ಒಳಗಲ್ಲಿಯಲ್ಲಿ ಹೊಸದಾಗಿ ರಿನೋವೇಟ್ ಮಾಡಿಸಿದ ಸ್ಟುಡಿಯೋ (ಅಡುಗೆ, ಮಲಗುವುದು ಎಲ್ಲ ಒಂದೇ ಕೋಣೆಯಲ್ಲಿರುವ ಮನೆ) ಇದೆ. ಬಾಡಿಗೆ 16,000, ಡಿಪಾಸಿಟ್ 50,000. ಬ್ರೋಕರ್ ಇವತ್ತೇ ಟೋಕನ್, ಅಂದರೆ ಮನೆ ಕಾದಿರಿಸುವ ಮುಂಗಡ, ಕೇಳುತ್ತಿದ್ದಾರೆ. ಏನೇನು ನೋಡಬೇಕು?

ಉತ್ತರ 1

ನೋಡ್ರಿ, ಟೋಕನ್ ಒಂದು ದಿನ ತಡೆಯಿರಿ. ಜಾಗ ಒಳ್ಳೆಯದೇ; ತಳಜಾಯಿ ಗುಡ್ಡ ಹತ್ತಿರ, ಮಗುವನ್ನು ಬೆಳಿಗ್ಗೆ ತಿರುಗಾಡಿಸಬಹುದು. ಆದರೆ ಹೊಸ ಟೈಲ್ಸ್, ಹೊಸ ಬಣ್ಣ ಕಂಡು ಮನೆ ಒಪ್ಪಬೇಡಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಕರೆಂಟು ಯಾವ ಮೀಟರಿನದು, ಮೊದಲು ಇವೆರಡನ್ನು ವಿಚಾರಿಸಿ.

ಹಳೇ ಸೊಸೈಟಿಗಳಲ್ಲಿ ಸ್ಟುಡಿಯೋ ಎಂದು ತೋರಿಸುವ ಎಷ್ಟೋ ಮನೆಗಳು ಹುಟ್ಟಿನಿಂದ ಸ್ಟುಡಿಯೋ ಅಲ್ಲ. ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ನಡುವೆ ಗೋಡೆ ಹಾಕಿ ಎರಡು ಮಾಡಿರುತ್ತಾರೆ. ಒಂದು ಪಾಲಿಗೆ ಮೂಲ ಬಾತ್‌ರೂಮು, ಅಡುಗೆಮನೆ. ಇನ್ನೊಂದು ಪಾಲಿಗೆ ಹೊಸದಾಗಿ ಮಾಡಿದ್ದು. ತಕರಾರೆಲ್ಲ ಈ ಎರಡನೆಯ ಪಾಲಿನದು. ಕಟ್ಟಡ ಕಟ್ಟುವಾಗ ಬಾತ್‌ರೂಮಿನ ಸ್ಲ್ಯಾಬನ್ನು ತಗ್ಗಿಸಿ ಹಾಕಿ, ವಾಟರ್‌ಪ್ರೂಫಿಂಗ್ ಮಾಡಿ, ಆ ತಗ್ಗಿನಲ್ಲಿ ಪೈಪನ್ನು ಇಳಿಜಾರಾಗಿ ಹಾಯಿಸಿರುತ್ತಾರೆ. ಬೆಡ್‌ರೂಮಿನ ಮೂಲೆಯನ್ನೇ ಬಾತ್‌ರೂಮ್ ಮಾಡಿದರೆ ಆ ತಗ್ಗು ಬರುವುದೆಲ್ಲಿಂದ? ನೆಲವನ್ನೇ ಅರ್ಧ, ಮುಕ್ಕಾಲು ಅಡಿ ಎತ್ತರಿಸಿ ಪೈಪ್ ಕೂರಿಸುತ್ತಾರೆ. ಹಾಗಾಗಿ ಬಾತ್‌ರೂಮಿಗೆ ಒಂದು ಮೆಟ್ಟಿಲು ಹತ್ತಿ ಹೋಗಬೇಕೆಂದರೆ ಅನುಮಾನಪಡಿ: ಕೆಳಗಿನವರ ಮಲಗುವ ಕೋಣೆಯ ನೆತ್ತಿಯ ಮೇಲೆ ನಿಮ್ಮ ಕಮೋಡ್ ಇರಬಹುದು. ಅದು ಸೋರಿತೆಂದರೆ ಸೊಸೈಟಿಗೆ ದೂರು ಹೋಗುತ್ತದೆ, ನೆಲ ಒಡೆಯಬೇಕಾಗುತ್ತದೆ. ಮನೆಯಲ್ಲಿರುವುದು ಒಂದೇ ಬಾತ್‌ರೂಮು, ಚಿಕ್ಕ ಮಗು ಬೇರೆ. ಅದಕ್ಕೇ ಹೇಳುವುದು, ಕೆಳಗಿನ ಮನೆಯ ಬಾಗಿಲು ತಟ್ಟಿ, ಛಾವಣಿಯಲ್ಲಿ ನೀರಿಳಿದ ಕಲೆ ಇದೆಯೇ ಎಂದು ಕೇಳಿಯೇ ಮುಂದಿನ ಮಾತಾಡಿ. ಬ್ರೋಕರ್ ಬೇಡವೆಂದರೂ ಕೇಳಿ.

ಬಾತ್‌ರೂಮಿನ ಬಾಗಿಲ ಬಳಿ ಎರಡು ಬಕೆಟ್ ನೀರು ಸುರಿಯಿರಿ. ನೀರು ಹೊರಹೋಗುವ ತೂತಿನ ಜಾಲಿಯ ಕಡೆ ತಾನಾಗಿ ಓಡಬೇಕು. ಹಳೇ ಟೈಲ್ಸ್ ಕೀಳದೆ ಅದರ ಮೇಲೇ ಹೊಸದನ್ನು ಅಂಟಿಸಿದ ಕಡೆ ಇಳಿಜಾರು ಕೆಟ್ಟು ನೀರು ಹೊಸ್ತಿಲ ಹತ್ತಿರ ನಿಲ್ಲುತ್ತದೆ, ಇಲ್ಲವೇ ಕೋಣೆಗೇ ಬರುತ್ತದೆ. ನಾಣ್ಯದಿಂದ ಟೈಲ್ಸ್ ತಟ್ಟಿ. ಟೊಳ್ಳು ಸದ್ದು ಬಂದಲ್ಲಿ ಕೆಳಗೆ ಗಾರೆ ಸರಿಯಾಗಿ ಹಿಡಿದಿಲ್ಲ. ಜಾಲಿ ಎತ್ತಿ ಟಾರ್ಚ್ ಬಿಟ್ಟು ನೋಡಿ, ಒಳಗೆ ನೀರು ನಿಂತಿರಬೇಕು. ಗಟಾರದ ವಾಸನೆ, ಜಿರಲೆ ಮೇಲೆ ಬರದಂತೆ ತಡೆಯುವುದು ಆ ನೀರೇ. ಎತ್ತರ ಸಾಲದೆಂದು ಹೀಗೆ ನೀರು ಹಿಡಿದಿಡುವ ಟ್ರ್ಯಾಪ್ ಹಾಕದೆ ಬಿಟ್ಟಿದ್ದರೆ ಫಿನಾಯಿಲ್ ಎಷ್ಟು ಸುರಿದರೂ ವಾಸನೆ ಹೋಗುವುದಿಲ್ಲ.

ಮುಂಗಾರು ಪಶ್ಚಿಮ, ದಕ್ಷಿಣದ ಗೋಡೆಗಳಿಗೆ ಬಡಿಯುತ್ತದೆ. ಬೇಸಿಗೆಯಲ್ಲಿ ಬಳಿದ ಬಣ್ಣ ಜುಲೈವರೆಗೆ ಏನನ್ನೂ ಹೇಳುವುದಿಲ್ಲ. ಆ ಗೋಡೆಗಳಿಗೆ ವಾರ್ಡ್‌ರೋಬ್ ಕೂರಿಸಿದ್ದರೆ ಬಾಗಿಲು ತೆಗೆದು ಹಿಂಬದಿಯ ಹಲಗೆ ಒತ್ತಿ ನೋಡಿ. ಸಿಂಕಿನ ಕೆಳಗಿನ ಕಪಾಟಿನ ತಳ ಉಬ್ಬಿದ್ದರೆ ಅಲ್ಲಿ ಎಂದೋ ನೀರು ಸೋರಿದೆ.

ಕರೆಂಟು: ನಿಮ್ಮ ಪಾಲಿಗೆ ಮಹಾವಿತರಣದ (ಇಲ್ಲಿನ ಸರ್ಕಾರಿ ವಿದ್ಯುತ್ ಕಂಪನಿ) ಪ್ರತ್ಯೇಕ ಮೀಟರ್ ಇದೆಯೇ, ಮಾಲೀಕರ ಮೀಟರಿನಿಂದ ಎಳೆದ ಬರೀ ಸಬ್‌ಮೀಟರೇ? ಒಂದೇ ಮೀಟರಿನಲ್ಲಿ ಎರಡು ಸಂಸಾರ ಇದ್ದರೆ ಯೂನಿಟ್‌ಗಳು ಒಟ್ಟಾಗಿ 100 ದಾಟಿ, 300 ದಾಟಿ ಮೇಲಿನ ದರದ ಸ್ಲ್ಯಾಬಿಗೆ ಹೋಗುತ್ತವೆ. ನೀವು ಕಡಿಮೆ ಸುಟ್ಟರೂ ದರ ಜಾಸ್ತಿ ಬೀಳುತ್ತದೆ. ಇನ್ನು 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ಒಂದೇ 13 ಆಂಪಿಯರ್ ಎಳೆಯುತ್ತದೆ, 2 ಕಿಲೋವ್ಯಾಟ್‌ನ ಇಂಡಕ್ಷನ್ ಒಲೆ ಹತ್ತಿರ ಹತ್ತಿರ 9. ಎರಡೂ ಒಂದೇ 16 ಆಂಪಿಯರ್ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಮೇಲಿದ್ದರೆ ಬೆಳಿಗ್ಗೆ ಆಗಾಗ ಟ್ರಿಪ್ ಆಗಬಹುದು. ನೋಡಲು ಹೋದಾಗಲೇ ಎರಡನ್ನೂ ಒಟ್ಟಿಗೆ ಹತ್ತು ನಿಮಿಷ ಹಚ್ಚಿಸಿ. ಮಗು ಇರುವ ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಬೇಕೇ ಬೇಕು. ಅದರ ಟೆಸ್ಟ್ ಬಟನ್ ಒತ್ತಿದರೆ ಸ್ವಿಚ್ ಬೀಳಬೇಕು.

ಉತ್ತರ 2

ಕಾಗದಪತ್ರದ ಬಗ್ಗೆ ನಾನು ಸೇರಿಸುತ್ತೇನೆ. ಕರ್ನಾಟಕದಲ್ಲಿ ಸ್ಟಾಂಪ್ ಪೇಪರಿನ ಮೇಲೆ 11 ತಿಂಗಳಿಗೆ ಬರೆಸಿ ಸಹಿ ಹಾಕಿ ಮುಗಿಸುವ ರೂಢಿ ಇದೆ. ಇಲ್ಲಿ ಅದು ನಡೆಯದು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ ಸೆಕ್ಷನ್ 55ರ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಇಲ್ಲಿ ಮನೆ ಬಾಡಿಗೆಗೆ ಮಾಡಿಕೊಳ್ಳುವ ಒಪ್ಪಂದ) 11 ತಿಂಗಳಿನದಾದರೂ ನೋಂದಣಿ ಆಗಲೇಬೇಕು, ಜವಾಬ್ದಾರಿ ಮಾಲೀಕರದು. ಆಗದಿದ್ದರೆ ಬಾಡಿಗೆದಾರ ಹೇಳುವ ಷರತ್ತೇ ಸರಿಯೆಂದು ಕಾನೂನು ಮೊದಲು ಒಪ್ಪಿಕೊಳ್ಳುತ್ತದೆ. "ನೋಟರಿ ಸಾಕು" ಎನ್ನುವ ಬ್ರೋಕರ್ ಮಾತಿಗೆ ತಲೆಯಾಡಿಸಬೇಡಿ.

ಖರ್ಚಿನ ಲೆಕ್ಕ ಹೀಗೆ. 16,000ದಂತೆ 11 ತಿಂಗಳಿಗೆ 1,76,000. ಡಿಪಾಸಿಟ್ 50,000ಕ್ಕೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಹಿಡಿದರೆ 11 ತಿಂಗಳಿಗೆ 4,583. ಒಟ್ಟು ಮೊತ್ತದ ಶೇ. 0.25 ಸ್ಟಾಂಪ್ ಡ್ಯೂಟಿ, ಅಂದರೆ 450ರ ಆಸುಪಾಸು. ಅದನ್ನು ಮೇಲಿನ ನೂರಕ್ಕೆ ಏರಿಸಿ 500 ಕಟ್ಟಿಸಿಕೊಳ್ಳುತ್ತಾರೆ. ಪಾಲಿಕೆಯ ಹದ್ದಿನಲ್ಲಿ ನೋಂದಣಿ ಶುಲ್ಕ 1,000. ನೋಂದಣಿ ಮಾಡಿಸುವ ಏಜೆಂಟ್ ಬೆರಳಿನ ಗುರುತು ಪಡೆಯುವ ಯಂತ್ರ ಹಿಡಿದು ಮನೆಗೇ ಬರುತ್ತಾರೆ. ಅವರ ಕೂಲಿ ಬೇರೆ. ಆಧಾರ್ ಕಾರ್ಡು, ಇಬ್ಬರು ಸಾಕ್ಷಿ ಸಿದ್ಧವಿರಲಿ.

ಸೊಸೈಟಿಯವರು ಬಾಡಿಗೆಯ ಇಂತಿಷ್ಟು ಪಾಲು ಕೊಡಿ ಎಂದರೆ ಒಪ್ಪಬೇಡಿ. ನಾನ್ ಆಕ್ಯುಪೆನ್ಸಿ ಚಾರ್ಜ್ (ಮಾಲೀಕರು ತಾವಿರದೆ ಬಾಡಿಗೆಗೆ ಕೊಟ್ಟಾಗ ಸೊಸೈಟಿ ಹಾಕುವ ಶುಲ್ಕ) ಸೊಸೈಟಿಯ ಸೇವಾ ಶುಲ್ಕದ ಶೇ. 10 ಮೀರುವಂತಿಲ್ಲ, ಅದೂ ಮಾಲೀಕರಿಗೆ ಬರುವ ಬಿಲ್ಲು. ಕರಾರಿನಲ್ಲಿ ಎರಡು ಸಾಲು ಬರೆಸಿ: ಗೋಡೆ, ಪೈಪು, ಛಾವಣಿಯ ಸೋರಿಕೆ ರಿಪೇರಿ ಮಾಲೀಕರ ಖರ್ಚಿನಲ್ಲಿ, ಏಳು ದಿನದೊಳಗೆ; ಡಿಪಾಸಿಟ್ ವಾಪಸ್ಸು ಕೀಲಿ ಕೊಡುವ ದಿನವೇ. ಲಾಕ್‌ಇನ್ (ನಡುವೆ ಮನೆ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳು ಎಂಬುದನ್ನು ಓದದೆ ಬೆರಳು ಒತ್ತಬೇಡಿ. ಟೋಕನ್ ಕೊಟ್ಟರೂ, ಸೊಸೈಟಿಯ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಬಾರದಿದ್ದರೆ ಹಣ ವಾಪಸ್ಸು ಎಂದು ವಾಟ್ಸಾಪಿನಲ್ಲಿ ಮಾಲೀಕರಿಂದಲೇ ಬರೆಸಿಕೊಳ್ಳಿ.

ಮಗಳ ಶಾಲೆಗೂ ಇದೇ ಕಾಗದ ಬೇಕಾಗುತ್ತದೆ. ಆರ್‌ಟಿಇಯ (ಶಿಕ್ಷಣ ಹಕ್ಕು ಕಾಯ್ದೆ) ಶೇ. 25ರ ಸೀಟಿಗೆ ಅರ್ಜಿ ಹಾಕುವುದಿದ್ದರೆ ವಿಳಾಸಕ್ಕೆ ನೋಂದಾಯಿತ ಕರಾರನ್ನೇ ಕೇಳುತ್ತಾರೆ. ಕನ್ನಡದ ವಾತಾವರಣ ಬೇಕೆಂದರೆ ಎರಂಡವಣೆಯ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘ ಇದೆ, ಅವರದೇ ಶಾಲೆಗಳೂ ಇವೆ. ಹೋಗಿ ಮಾತಾಡಿಸಿ.

ಉತ್ತರ 3

ಮಗಳ ಸುರಕ್ಷತೆಗೆ ಎರಡು ಮಾತು, ಅಕ್ಕ. ಕಿಟಕಿಯ ಗ್ರಿಲ್ ಸಂದು ನಾಲ್ಕು ಇಂಚಿಗಿಂತ ಅಗಲ ಇರಬಾರದು. ರಿನೋವೇಷನ್‌ನಲ್ಲಿ ಚೆಂದಕ್ಕೆಂದು ಗ್ರಿಲ್ ತೆಗೆದು ಬರೀ ಸ್ಲೈಡಿಂಗ್ ಗಾಜು ಹಾಕುತ್ತಾರೆ. ಸೊಳ್ಳೆ ಪರದೆ ಮಗುವಿನ ಭಾರ ತಡೆಯುವುದಿಲ್ಲ. ಹೊಸ ಲ್ಯಾಮಿನೇಟ್ ಕಪಾಟುಗಳ ಅಂಟಿನ ಘಾಟು ಕಣ್ಣು ಉರಿಸುತ್ತಿದ್ದರೆ ಕೆಲವು ದಿನ ಬಾಗಿಲು ತೆರೆದಿಟ್ಟು ಗಾಳಿಯಾಡಿಸಿ, ಆಮೇಲೆ ಮಗುವನ್ನು ಕರೆತನ್ನಿ.

ಗಲ್ಲಿ ಶಾಂತವೋ ಅಲ್ಲವೋ ಮಧ್ಯಾಹ್ನ ಹೋದರೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ನೀರಿನ ಪಂಪ್ ಓಡುವ ಹೊತ್ತಿಗೆ, ರಾತ್ರಿ ಹತ್ತಕ್ಕೆ, ಹೀಗೆ ಎರಡು ಸಲ ಹೋಗಿ. ಹಿಂದಿನ ಗಲ್ಲಿಯಲ್ಲಿ ಮಂಗಲ ಕಾರ್ಯಾಲಯ (ಮದುವೆ ಛತ್ರ) ಇದೆಯೇ, ಗಣೇಶೋತ್ಸವದ ಮಂಡಪ ಯಾವ ಮೂಲೆಯಲ್ಲಿ ಹಾಕುತ್ತಾರೆ ಎಂದು ವಾಚ್‌ಮನ್‌ನನ್ನು ಕೇಳಿ.

ಅಡುಗೆ, ಮಲಗುವುದು ಒಂದೇ ಕೋಣೆಯಲ್ಲಿ. ಪೈಪ್ ಗ್ಯಾಸ್ ಇಲ್ಲದಿದ್ದರೆ ಸಿಲಿಂಡರ್ ಮುಚ್ಚಿದ ಕಪಾಟಿನಲ್ಲಿ ಇಡಬೇಡಿ, ಕೆಳಗೆ ಗಾಳಿಯಾಡುವ ರಂಧ್ರ ಇರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿಕೊಳ್ಳುತ್ತದೆ. ರಬ್ಬರ್ ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ, ಐದು ವರ್ಷ ದಾಟಿದ್ದರೆ ಒಳಗೆ ಹೋಗುವ ದಿನವೇ ಬದಲಾಯಿಸಿ.