ಷೇರು ‘ಸ್ಕ್ಯಾನರ್’ಗೆ ಯಾವ ಪದ?

ತುಮಕೂರಿನಿಂದ:
ಮಾನ್ಯರೇ, ಷೇರು ವಹಿವಾಟುದಾರರಿಗಾಗಿ ನಾವು ರೂಪಿಸುತ್ತಿರುವ ತಂತ್ರಾಂಶದ ಕನ್ನಡ ಪರದೆಗಳನ್ನು ಸೋಮವಾರದೊಳಗೆ ಒಪ್ಪಿಸಬೇಕಾಗಿದೆ. ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ಪೇಟೆ ನಡೆಯುವಷ್ಟು ಹೊತ್ತೂ ಎಲ್ಲ ಷೇರುಗಳ ಮೇಲೆ ಕಣ್ಣಿಟ್ಟು, ಬಳಕೆದಾರರು ಹಾಕಿದ ಷರತ್ತಿಗೆ ಹೊಂದುವಂಥವನ್ನಷ್ಟೇ ಪಟ್ಟಿಮಾಡಿ ತೋರಿಸುವುದು ಇದರ ಕೆಲಸ. ಬೆಲೆಯು 200 ದಿನಗಳ ಸರಾಸರಿಯನ್ನು ದಾಟಿರಬೇಕು, ಅಂದಿನ ವಹಿವಾಟಿನ ಪ್ರಮಾಣ 20 ದಿನಗಳ ಸರಾಸರಿಯ ಇಮ್ಮಡಿ ಇರಬೇಕು ಎಂಬಂತಹ ಷರತ್ತುಗಳು. ಇಂಗ್ಲಿಷಿನ ‘ಸ್ಟಾಕ್ ಸ್ಕ್ಯಾನರ್’ ಅನ್ನು ನಾನು ‘ಸ್ಟಾಕ್ ಶೋಧಕ’ ಎಂದು ಬರೆದಿದ್ದೆ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ನಮ್ಮ ಚಿಕ್ಕಪ್ಪನವರು ಅದನ್ನು ನೋಡಿ, ಗೋದಾಮಿನಲ್ಲಿ ಎಷ್ಟು ಚೀಲ ಉಳಿದಿದೆಯೆಂದು ಇದು ಹೇಳುತ್ತದೆಯೇ ಎಂದು ಕೇಳಿದರು. ಗುಂಡಿಯ ಮೇಲೆ ಹಿಡಿಸುವಂತಹ ಚಿಕ್ಕ ಪದವೊಂದನ್ನು ಸೂಚಿಸಬೇಕೆಂದು ಕೋರುತ್ತೇನೆ.

ಕೋಲಾರದಿಂದ:
ನಿಮ್ಮ ಚಿಕ್ಕಪ್ಪನವರು ಕೇಳಿದ್ದೇ ಸರಿ. ಅಂಗಡಿಯವರು ‘ಸ್ಟಾಕ್ ಇಲ್ಲ’ ಎಂದರೆ ಮಾಲು ಮುಗಿದಿದೆ ಎಂದರ್ಥ. ಕಂಪನಿಯ ಪಾಲಿಗೆ ‘ಷೇರು’ ಎಂಬುದು ಕನ್ನಡದಲ್ಲಿ ಎಂದೋ ನೆಲೆನಿಂತಿದೆ. ‘ಶೋಧಕ’ವೂ ಬೇಡ. ಕಾಣದಿರುವುದನ್ನು ಹುಡುಕಿದರೆ ಅದು ಶೋಧ. ಇಲ್ಲಿ ಷೇರುಗಳೆಲ್ಲವೂ ಕಣ್ಣೆದುರೇ ರಾಶಿಬಿದ್ದಿವೆ, ಬೇರ್ಪಡಿಸುವುದಷ್ಟೇ ಬಾಕಿ. ಈ ಕೆಲಸಕ್ಕೆ ರಾಗಿ ಬೆಳೆಯುವ ನಮ್ಮ ಸೀಮೆಯಲ್ಲಿ ಪದಗಳಿಗೆ ಬರವೇ? ಕಣದಲ್ಲಿ ಗಾಳಿಗೆ ಹಿಡಿದರೆ ತೂರುವುದು, ಮೊರದಲ್ಲಿ ಹಾರಿಸಿ ಹೊಟ್ಟು ತೆಗೆದರೆ ಕೇರುವುದು, ಅದೇ ಮೊರವನ್ನು ಅತ್ತಿತ್ತ ಆಡಿಸಿ ಕಲ್ಲನ್ನು ಬೇರೆ ಮಾಡಿದರೆ ಒನೆಯುವುದು, ನೀರಿನಲ್ಲಿ ಆಡಿಸಿ ತೆಗೆದರೆ ಜಾಲಿಸುವುದು, ಹಿಟ್ಟಿಗಾದರೆ ಜರಡಿ ಹಿಡಿಯುವುದು. ಮಿಕ್ಕವೆಲ್ಲ ಕೈಚಳಕವನ್ನು ನೆಚ್ಚಿಕೊಂಡವು. ಜರಡಿಗೆ ಮಾತ್ರ ಮೊದಲೇ ಗೊತ್ತುಮಾಡಿದ ಕಣ್ಣುಗಳಿವೆ, ರವೆಗೊಂದು ಅಳತೆ, ಹಿಟ್ಟಿಗೊಂದು ಅಳತೆ. ನಿಮ್ಮ ಷರತ್ತೇ ಆ ಕಣ್ಣು. ‘ಷೇರು ಜರಡಿ’ ಎಂದು ಬರೆಯಿರಿ.

ಚಿಕ್ಕಬಳ್ಳಾಪುರದಿಂದ:
ಮೇಲಿನ ಆಕ್ಷೇಪವು ನಿಲ್ಲುವುದಿಲ್ಲ. ‘ಶೋಧ’ದ ಧಾತು ‘ಶುಧ್’, ಅದರ ಮೂಲಾರ್ಥವೇ ಶುದ್ಧಿಗೊಳಿಸುವುದು. ಹುಡುಕಾಟದ ಅರ್ಥ ಆಮೇಲೆ ಬಂದುದು. ಇನ್ನು ಇಂಗ್ಲಿಷಿನ ‘ಸ್ಕ್ಯಾನ್’ ಹಿಂದೆ ಪದ್ಯದ ಗಣಗಳನ್ನು ವಿಂಗಡಿಸಿ ನೋಡುವುದಕ್ಕೆ ಬಳಕೆಯಾಗುತ್ತಿದ್ದ ಮಾತು, ಇಂದಿಗೂ ಆ ಬಳಕೆಯುಂಟು. ಲಘು ಗುರುಗಳ ಗುರುತು ಹಾಕಿ ನಾವು ಮಾಡುವ ‘ಪ್ರಸ್ತಾರ’ವೂ ಅದೇ ಅಲ್ಲವೇ? ಅಲ್ಲದೆ ಒಮ್ಮೆ ಜರಡಿ ಹಿಡಿದರೆ ಕೆಲಸ ಮುಗಿಯಿತು. ದಿನದ ಕೊನೆಯಲ್ಲಿ ಕಂಪನಿಗಳ ಲಾಭ, ಸಾಲಗಳನ್ನು ನೋಡಿ ಆರಿಸುವ ‘ಸ್ಕ್ರೀನರ್’ಗೆ ಅದು ಒಪ್ಪೀತು, ಕ್ಷಣಕ್ಷಣವೂ ಪೇಟೆಯನ್ನು ಓದುವ ಸ್ಕ್ಯಾನರ್‌ಗೆ ಒಪ್ಪದು. ಅಡುಗೆಮನೆಯ ಸಾಮಾನನ್ನೆಲ್ಲ ಪರದೆಗೆ ತಂದು ಸುರಿಯುವುದೇ ಕನ್ನಡತನವಲ್ಲ.

ಕೋಲಾರದಿಂದ:
ಛಂದಸ್ಸಿನ ಪಾಠವನ್ನು ಇಲ್ಲಿ ಯಾರೂ ಕೇಳಿರಲಿಲ್ಲ. ದಲಾಲ, ಖರೀದಿ, ರಸೀದಿಗಳನ್ನು ಅರಬ್ಬಿ, ಪಾರಸಿಗಳಿಂದ ಪಡೆದು ಅರಗಿಸಿಕೊಂಡ ಪೇಟೆಗೆ ಎರವಲು ಹೊಸದಲ್ಲ, ನಾನು ಎರವಲಿನ ವೈರಿಯೂ ಅಲ್ಲ. ಮನೆಯ ಗೋಡೆಗೆ ಜರಡಿ ತೂಗುಹಾಕಿಕೊಂಡು ಸಂಸ್ಕೃತದ ಅಂಗಡಿಗೆ ಕಡ ಕೇಳಲು ಹೋಗುವುದು ಮಾತ್ರ ನನಗೆ ಸೇರದು. ಗಿರಣಿಯಲ್ಲಿ ಜರಡಿಯೂ ದಿನವಿಡೀ ಆಡುತ್ತದೆ, ಹೋಗಿ ನೋಡಬಹುದು.

ತುಮಕೂರಿನಿಂದ:
ಇಬ್ಬರಿಗೂ ವಂದನೆಗಳು. ‘ಷೇರು ಜರಡಿ’ಯನ್ನೇ ಇಟ್ಟುಕೊಂಡು, ಪೇಟೆ ನಡೆಯುವಾಗ ಓಡುವುದಕ್ಕೆ ‘ನೇರ ಜರಡಿ’ ಎಂದಿದ್ದೇನೆ. ಪಟ್ಟಿಯ ತಲೆಬರಹದಲ್ಲಿದ್ದ ‘ಆಯ್ದ ಷೇರುಗಳು’ ಎಂಬುದನ್ನೂ ತೆಗೆದು ‘ಷರತ್ತಿಗೆ ಹೊಂದಿದವು’ ಎಂದು ಮಾಡಿದೆ. ‘ಆಯ್ದ’ ಎಂದರೆ ನಾವೇ ಆಯ್ದು ಶಿಫಾರಸು ಮಾಡಿದಂತೆ ಕೇಳುತ್ತದೆ, ಶಿಫಾರಸು ಮಾಡುವವರು ಷೇರು ಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ 2014ರ ಸಂಶೋಧನಾ ವಿಶ್ಲೇಷಕರ ನಿಯಮಗಳಂತೆ ನೋಂದಾಯಿಸಿಕೊಂಡಿರಬೇಕಾಗುತ್ತದೆ. ಉಳಿದಿರುವುದು ಗುಂಡಿಯ ಕ್ರಿಯಾಪದ. ‘ಜರಡಿ ಹಿಡಿ’ ಎಂದರೆ ಹಿರಿಯ ಬಳಕೆದಾರರನ್ನು ಏಕವಚನದಲ್ಲಿ ಗದರಿಸಿದಂತಾಗುತ್ತದೆ, ‘ಜರಡಿ ಹಿಡಿಯಿರಿ’ ಎಂದರೆ ಗುಂಡಿಯಿಂದ ಎರಡಕ್ಷರ ಹೊರಗೆ ಚಾಚುತ್ತದೆ. ಇದಕ್ಕೇನಾದರೂ ದಾರಿಯುಂಟೇ?