ಅಮ್ಮನ ಮನೆಗೆ ಬಂದರೂ ನೆಂಟರ ಮನೆಯಲ್ಲಿದ್ದ ಹಾಗಿದೆ. ವಿನಿಪೆಗ್‌ನಲ್ಲಿ ಇರುವವರು ಸ್ವಲ್ಪ ಹೇಳಿ

ಇಲೋಯಿಲೋ ಇಂದಾಯ್ ಬರೆದದ್ದು:

ನನಗೆ 18 ವರ್ಷ. ಊರು ಫಿಲಿಪೀನ್ಸ್‌ನ ಇಲೋಯಿಲೋ, ಹಾರೋ ಕಡೆಯವಳು. ಕಳೆದ ಆಗಸ್ಟ್‌ನಲ್ಲಿ ಕೆನಡಾದ ವಿನಿಪೆಗ್‌ಗೆ ಬಂದೆ.

ಚಳಿ ಬಗ್ಗೆ ಕೇಳುವುದಕ್ಕೆ ಬಂದಿಲ್ಲ. ಅದರ ಬಗ್ಗೆ ಎಲ್ಲರೂ ಎಷ್ಟು ಹೆದರಿಸಿದ್ದರು ಅಂದರೆ, ಮೈನಸ್ 30 ಬಂದ ದಿನ 'ಓ, ಇಷ್ಟೇನಾ' ಅನ್ನಿಸಿತು. ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುತ್ತದೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಅದು ಚಳಿಗಿಂತ ಜಾಸ್ತಿ ಬೇಜಾರು. ಇರಲಿ.

ನನ್ನ ತಲೆನೋವು ಬೇರೆ. ಮೊದಲನೆಯದು ಅಮ್ಮ.

ನಾನು ಐದು ವರ್ಷದವಳಿದ್ದಾಗ ಅಮ್ಮ ಹಾಂಗ್‌ಕಾಂಗ್‌ಗೆ ಮನೆಗೆಲಸಕ್ಕೆ ಹೋದರು. ಅಲ್ಲಿಂದ ಕೆನಡಾಕ್ಕೆ. ನನ್ನ ಕಾಗದಪತ್ರವೆಲ್ಲ ಆಗುವಷ್ಟರಲ್ಲಿ ನಾನು ಇಷ್ಟುದ್ದ ಆಗಿಬಿಟ್ಟಿದ್ದೆ. ನನ್ನನ್ನು ಬೆಳೆಸಿದ್ದು ಅಮ್ಮನ ತಾಯಿ, ಅಂದರೆ ನನ್ನ ಅಜ್ಜಿ. ಅವಳನ್ನು ನಾನು ನಾನಾಯ್ ಅಂತಲೇ ಕರೆಯುವುದು, ನಮ್ಮಲ್ಲಿ ಹಾಗೆಂದರೆ ಅಮ್ಮ. ಅಮ್ಮನನ್ನು ಮಮ್ಮಿ ಅನ್ನುತ್ತೇನೆ. ವರ್ಷಗಟ್ಟಲೆ ವಿಡಿಯೋ ಕಾಲ್‌ನಲ್ಲಿ ಮಾತಾಡಿದ್ದೇವೆ, ಜಗಳ ಅಂತ ಒಂದೂ ಆಗಿಲ್ಲ. ಫೋನ್‌ನಲ್ಲಿ ಜಗಳ ಆಡಲು ಏನಿರುತ್ತದೆ ಹೇಳಿ? ಊಟ ಆಯ್ತಾ, ಮಾರ್ಕ್ಸ್ ಎಷ್ಟು, ದುಡ್ಡು ಬಂತಾ, ಅಷ್ಟೇ.

ಈಗ ಒಂದೇ ಮನೆಯಲ್ಲಿ ಇದ್ದೇವೆ. ಅಮ್ಮ ವಯಸ್ಸಾದವರನ್ನು ನೋಡಿಕೊಳ್ಳುವ ಕೇಂದ್ರವೊಂದರಲ್ಲಿ ಹೆಲ್ತ್ ಕೇರ್ ಏಡ್. ರಾತ್ರಿ ಪಾಳಿ. ಬೆಳಗ್ಗೆ ಏಳೂವರೆಗೆ ಬರುತ್ತಾರೆ, ಎಂಟಕ್ಕೆ ನನ್ನ ಬಸ್. ಬಂದವರೇ ಕೋಟು ಕೂಡ ಬಿಚ್ಚದೆ ನನ್ನ ಡಬ್ಬಿ ಕಟ್ಟುತ್ತಾರೆ. ಅನ್ನ, ಕೆಂಪು ಹಾಟ್‌ಡಾಗ್‌ನ ಹೋಳು, ಮೂಲೆಯಲ್ಲಿ ಬಾಳೆಹಣ್ಣಿನ ಕೆಚಪ್. ಹಾಟ್‌ಡಾಗ್‌ನ ತುದಿಯನ್ನು ನಾಲ್ಕು ಸೀಳು ಮಾಡಿ ಹುರಿದಿರುತ್ತಾರೆ, ಹೂವಿನ ಹಾಗೆ ಅರಳಲಿ ಅಂತ. ನಾನು ಕಿಂಡರ್‌ಗಾರ್ಟನ್‌ನಲ್ಲಿದ್ದಾಗ ಇದಕ್ಕೆ ಪ್ರಾಣ ಬಿಡುತ್ತಿದ್ದೆನಂತೆ. ಈಗ ನನಗೆ ಅದು ಸೇರುವುದೇ ಇಲ್ಲ. ಶಾಲೆಯಲ್ಲಿ ಪಕ್ಕದ ಹುಡುಗನಿಗೆ ಕೊಟ್ಟು ಅವನ ಸ್ಯಾಂಡ್‌ವಿಚ್ ತಿನ್ನುತ್ತೇನೆ. ಮನೆಗೆ ಖಾಲಿ ಡಬ್ಬಿ ಹೋಗುತ್ತದೆ, ಅಮ್ಮನಿಗೆ ಖುಷಿ. ಮರುದಿನ ಮತ್ತೆ ಅದೇ.

ಮೊನ್ನೆ ಮನೆಯ ಮೆಟ್ಟಿಲ ಮೇಲೆ ಮಂಜು ಗಟ್ಟಿಯಾಗಿತ್ತು, ಜಾರಿ ಬಿದ್ದೆ. ಬೀಳುವಾಗ ಬಾಯಿಗೆ ಬಂದದ್ದು 'ನಾನಾಯ್!' ಅಂತ. ಅಮ್ಮ ಹಿಂದೆಯೇ ಇದ್ದರು. ಎತ್ತಿ ನಿಲ್ಲಿಸಿದರು, ಬೆನ್ನಿನ ಮೇಲಿನ ಹಿಮ ಕೊಡವಿದರು, ಕೈಗವಸು ಸರಿ ಮಾಡಿದರು. ಬಸ್ ಬರುವವರೆಗೂ ಒಂದು ಮಾತೂ ಆಡಲಿಲ್ಲ. ನನಗೂ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ಎರಡನೆಯದು ಶಾಲೆ. ಇಲೋಯಿಲೋದಲ್ಲಿ ನಾನು 11ನೇ ಗ್ರೇಡ್ ಮುಗಿಸಿದ್ದೆ. ಇಲ್ಲಿ ಮತ್ತೆ 11ರಲ್ಲೇ ಕೂರಿಸಿದ್ದಾರೆ, ಅದರ ಮೇಲೆ ಹೊಸಬರಿಗಾಗಿ ಇರುವ ಇಂಗ್ಲಿಷ್ ಕ್ಲಾಸು ಬೇರೆ. ನಾವು ಗಣಿತ, ವಿಜ್ಞಾನ ಎಲ್ಲ ಇಂಗ್ಲಿಷ್‌ನಲ್ಲೇ ಓದಿದವರು ಅಲ್ವಾ? ಆದರೆ ಗಣಿತದ ಮೇಷ್ಟ್ರು 'ಮುಗೀತಾ?' ಅಂತ ಕೇಳಿದಾಗ ನಾನು ಹುಬ್ಬು ಎತ್ತಿದೆ, ಊರಲ್ಲಿ ಹೌದು ಅನ್ನುವುದಕ್ಕೆ ಮಾಡುತ್ತೇವಲ್ಲ, ಹಾಗೆ. ಅವರು ಮತ್ತೆ ಕೇಳಿದರು. ನಾನು ಮತ್ತೆ ಹುಬ್ಬು ಎತ್ತಿದೆ. ಇವಳಿಗೆ ಪ್ರಶ್ನೆಯೇ ಅರ್ಥ ಆಗುತ್ತಿಲ್ಲ ಅಂತ ಅವರು ಬರೆದುಕೊಂಡಿರಬೇಕು.

ಫೆಬ್ರವರಿಯಲ್ಲಿ ಎರಡನೇ ಸೆಮಿಸ್ಟರ್ ಶುರು. ಯಾವ ವಿಷಯ ತಗೋತೀಯ ಅಂತ ಕೌನ್ಸೆಲರ್ ಕೇಳುತ್ತಿದ್ದಾರೆ. ಊರಿನ ನನ್ನ ಗೆಳತಿಯರು ಈ ವರ್ಷ 12 ಮುಗಿಸಿ ನರ್ಸಿಂಗ್ ಸೇರುತ್ತಾರೆ. ನಾನು ಇಲ್ಲಿ ಹಿಂದೆ ಉಳಿದೆ ಅನ್ನಿಸುತ್ತದೆ. ಊರಿನ ಚಿಕ್ಕಮ್ಮ ಬೇರೆ, ಶಾಲೆ ಯಾಕೆ, ಕೆಲಸಕ್ಕೆ ಸೇರು ಅನ್ನುತ್ತಾರೆ. ವಾರದ ಕೊನೆಗೆ ಒಂದು ಕಾಫಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಗಂಟೆಗೆ 16 ಡಾಲರ್. ಚಿಕ್ಕಮ್ಮ ಅದನ್ನು ಕೂಡಲೇ 40ರಿಂದ ಗುಣಿಸಿ, 'ಗಂಟೆಗೆ 640 ಪೆಸೊ! ಇಲ್ಲಿ ಇಡೀ ದಿನ ದುಡಿದರೂ ಕನಿಷ್ಠ ಕೂಲಿ ಅಷ್ಟು ಬರುವುದಿಲ್ಲ' ಅಂದರು. ಲೆಕ್ಕ ಸರಿಯೇ. ಅದಕ್ಕೇ ನನಗೆ ಉತ್ತರ ಹೊಳೆಯುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಇಲ್ಲಿ ನಮ್ಮವರು ತುಂಬಾ ಇದ್ದಾರೆ, ಒಂಟಿ ಅನ್ನಿಸುವುದಿಲ್ಲ ಅಂತ ಎಲ್ಲರೂ ಹೇಳಿದ್ದರು. ಇದ್ದಾರೆ, ಸುಳ್ಳಲ್ಲ. ಆದರೆ ಎಲ್ಲರೂ ತಗಾಲೋಗ್ ಭಾಷೆಯವರು. ನಾನು ಬಾಯಿ ಬಿಟ್ಟರೆ ನಮ್ಮ ಕಡೆಯ ಇಲೋಂಗೋ ಭಾಷೆಯ ರಾಗ ಬರುತ್ತದೆ, 'ಎಷ್ಟು ಮುದ್ದಾಗಿ ಮಾತಾಡ್ತೀಯ' ಅಂತ ನಗುತ್ತಾರೆ. ಫಿಲಿಪಿನೋಗಳ ನಡುವೆಯೂ ಹೊರಗಿನವಳೇ.

ಯಾರಾದರೂ ಹೀಗೇ ಬಂದವರು ಇದ್ದೀರಾ? ಅಮ್ಮನ ಜೊತೆ ಮಾತು ಎಲ್ಲಿಂದ ಶುರು ಮಾಡಿದಿರಿ? ಮತ್ತೆ 11ನೇ ಗ್ರೇಡ್ ಓದುವುದಾ, ಬಿಡುವುದಾ?


ಬಾಕೊಲೋಡ್ ಮಾನೊಂಗ್:

ಇಂದಾಯ್, ನಾನು ಬಾಕೊಲೋಡ್‌ನವನು, ನಮ್ಮೂರಲ್ಲೂ ಇಲೋಂಗೋನೇ, ನನ್ನ ರಾಗಕ್ಕೂ ನಗುತ್ತಿದ್ದರು. ಹದಿನೈದು ವರ್ಷ ಆಯಿತು, ಈಗಲೂ ನಗುತ್ತಾರೆ. ಚಿಂತೆ ಮಾಡಬೇಡ. ಇಲ್ಲಿನ ಮೇಪಲ್ಸ್ ಬಡಾವಣೆ ಕಡೆ ಬಾ, ನಮ್ಮ ಭಾಷೆ ಮಾತಾಡುವವರು ಸಾಕಷ್ಟು ಸಿಗುತ್ತಾರೆ.

ಶಾಲೆ ವಿಷಯ ಹೇಳುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತು. ನಾನು ಬಂದದ್ದು 2010ರಲ್ಲಿ. ಆಗ ಊರಲ್ಲಿ ಹತ್ತೇ ವರ್ಷದ ಶಾಲೆ. ಹೈಸ್ಕೂಲ್ ಮುಗಿಸಿ ಕಾಲೇಜಿನ ಮೊದಲ ವರ್ಷದಲ್ಲಿದ್ದವನನ್ನು ತಂದು ಇಲ್ಲಿ 11ನೇ ಗ್ರೇಡ್‌ನಲ್ಲಿ ಕೂರಿಸಿದರು. ಕಾಲೇಜು ಹುಡುಗ ಮತ್ತೆ ಲಾಕರ್ ಬೀಗ ಹಿಡಿದುಕೊಂಡು ಓಡಾಡಬೇಕು, ಎಷ್ಟು ಅವಮಾನ ನೋಡು. ನಿಮ್ಮ ಕಾಲಕ್ಕೆ ಪರವಾಗಿಲ್ಲ. 2013ರ ಕಾನೂನು ಬಂದು, 2016ರಿಂದ ಊರಲ್ಲೂ 11 ಮತ್ತು 12 ಶುರುವಾಯಿತು. ಹಾಗಾಗಿ ನಿನ್ನ 11ಕ್ಕೆ ಇಲ್ಲಿ ಬೆಲೆ ಇದೆ. ಆದರೆ ನೀನು ಕೇಳಬೇಕು, ತಾನಾಗಿ ಯಾರೂ ಕೊಡುವುದಿಲ್ಲ.

ನಮ್ಮ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಹೈಸ್ಕೂಲ್ ಪಾಸಾಗುವುದಕ್ಕೆ ಗ್ರೇಡ್ ನಂಬರ್ ಮುಖ್ಯ ಅಲ್ಲ, ಮುಗಿಸಿದ ಕೋರ್ಸುಗಳಿಗೆ ಸಿಗುವ ಕ್ರೆಡಿಟ್ ಮುಖ್ಯ, ಒಟ್ಟು 30 ಬೇಕು. ಊರಿನ ಶಾಲೆಯಿಂದ ನಿನ್ನ ಅಂಕಗಳ ದಾಖಲೆ ಫಾರ್ಮ್ 137 ತರಿಸು, ಈಗ ಅದಕ್ಕೆ ಎಸ್‌ಎಫ್10 ಅನ್ನುತ್ತಾರೆ. ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಕೊಟ್ಟಿದ್ದೀರಿ ಅಂತ ಕೌನ್ಸೆಲರ್ ಎದುರು ಕೂತು ಒಂದೊಂದಾಗಿ ಕೇಳು. ಊರಲ್ಲಿ ಮೇಡಂ ಹೇಳಿದರೆ ಮುಗೀತು, ಎದುರು ಮಾತಿಲ್ಲ. ಇಲ್ಲಿ ಕೇಳಿದರೆ ಯಾರೂ ಜಗಳಗಂಟಿ ಅಂದುಕೊಳ್ಳುವುದಿಲ್ಲ. ಕೇಳದೆ ಇದ್ದರೆ ಇವಳಿಗೆ ಒಪ್ಪಿಗೆ ಇದೆ ಅಂದುಕೊಳ್ಳುತ್ತಾರೆ.

ವಯಸ್ಸಾಯಿತು ಅಂತ ಗಾಬರಿ ಬೇಡ. 21 ತುಂಬುವ ವರ್ಷದ ಜೂನ್‌ವರೆಗೂ ಇಲ್ಲಿ ಸರ್ಕಾರಿ ಶಾಲೆಯಲ್ಲಿ ಕೂರುವ ಹಕ್ಕು ಇದೆ. ನರ್ಸಿಂಗ್ ಮನಸ್ಸಿನಲ್ಲಿದ್ದರೆ ಕೆಮಿಸ್ಟ್ರಿ, ಬಯಾಲಜಿ, ಪ್ರಿ-ಕ್ಯಾಲ್ಕುಲಸ್ ಬಿಡಬೇಡ. ಸುಲಭ ಅಂತ ಬೇರೆ ಗಣಿತ ತಗೊಂಡು ಆಮೇಲೆ ದುಡ್ಡು ಕೊಟ್ಟು ಮತ್ತೆ ಓದಿದವರು ನನ್ನ ಮನೆಯಲ್ಲೇ ಇದ್ದಾರೆ.

ಹುಬ್ಬಿನ ಕಥೆಗೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ತುಟಿಯಿಂದ ದಿಕ್ಕು ತೋರಿಸುವುದನ್ನೂ ಶಾಲೆಯಲ್ಲಿ ಮಾಡಬೇಡ. ಹುಡುಗರು ಬೇರೆಯೇ ಅಂದುಕೊಳ್ಳುತ್ತಾರೆ.


ಸ್ಕಾರ್‌ಬರೋ ಬಾಯ್:

ದುಡ್ಡಿನ ವಿಷಯಕ್ಕೆ ಮಾತ್ರ. ಚಿಕ್ಕಮ್ಮನಿಗೆ ಗಂಟೆಯ ಕೂಲಿ ಹೇಳಬೇಡ. ತಿಂಗಳ ಬಾಡಿಗೆ, ಬಸ್ ಪಾಸು, ಫೋನ್ ಬಿಲ್ಲು, ಇದನ್ನೆಲ್ಲ 40ರಿಂದ ಗುಣಿಸಿ ಕಳಿಸು. ಒಂದು ಬೆಡ್‌ರೂಮಿನ ಬಾಡಿಗೆಯನ್ನು ಪೆಸೊದಲ್ಲಿ ನೋಡಿದ ಮೇಲೆ ನಮ್ಮ ದೊಡ್ಡಪ್ಪ ಆ ಮಾತೇ ಎತ್ತಿಲ್ಲ. ಓದುವಾಗ ಊರಿಗೆ ಕಳಿಸುವ ಅಭ್ಯಾಸ ಶುರು ಮಾಡಿದರೆ ನಿಲ್ಲಿಸುವುದು ಕಷ್ಟ. ನನ್ನ ಪ್ರಕಾರ ಒಂದು ಪೆಸೊನೂ ಬೇಡ.


ವೆಸ್ಟ್ ಎಂಡ್ ಟೀಟಾ:

ಒಂದು ಪೆಸೊನೂ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕ್ರಿಸ್‌ಮಸ್‌ಗೆ ಅಜ್ಜಿಗೆ ಅಂತ ಸ್ವಲ್ಪ ಕಳಿಸು ಮಗಳೇ, ಚಿಕ್ಕಮ್ಮನ ಕೈಗಲ್ಲ, ಅಜ್ಜಿಯ ಕೈಗೇ. ಉಳಿದದ್ದು ನಿನ್ನ ಫೀಸಿಗೆ ಇರಲಿ.

ನಾನು ಬರೆಯುತ್ತಿರುವುದು ನಿನ್ನ ಅಮ್ಮನ ಕಡೆಯಿಂದ. 2006ರಲ್ಲಿ ಲಿವ್-ಇನ್ ಕೇರ್‌ಗಿವರ್ ಆಗಿ ಬಂದವಳು ನಾನು. 24 ತಿಂಗಳು ಯಜಮಾನರ ಮನೆಯಲ್ಲೇ ವಾಸ, ಅಲ್ಲೇ ಕೆಲಸ. ಅದು ಮುಗಿದ ಮೇಲೆ ತಾನೇ ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವುದಕ್ಕೆ ಅರ್ಜಿ. ನನ್ನ ಮಕ್ಕಳು ಬಂದದ್ದು 2012ರಲ್ಲಿ. ಆಮೇಲೆ 2014ರಲ್ಲಿ ಸರ್ಕಾರ, ನಾವು ಕರೆಸಿಕೊಳ್ಳಬಹುದಾದ ಮಕ್ಕಳ ವಯಸ್ಸಿನ ಮಿತಿಯನ್ನು 22ರಿಂದ 19ಕ್ಕೆ ಇಳಿಸಿತು. ಅದು ಮತ್ತೆ 22 ಆದದ್ದು 2017ರ ಅಕ್ಟೋಬರ್‌ನಲ್ಲಿ. ಆ ಮೂರು ವರ್ಷ ನನ್ನ ಗೆಳತಿಯರು ಮಕ್ಕಳ ಹುಟ್ಟುಹಬ್ಬ ಬಂದರೆ ಹೆದರುತ್ತಿದ್ದರು. ಕೇಕಿಗೆ ದುಡ್ಡು ಕಳಿಸಿ ಆಮೇಲೆ ಬಾತ್‌ರೂಮಿನಲ್ಲಿ ಅಳುತ್ತಿದ್ದರು. ನಿನ್ನ ಅಮ್ಮನೂ ಕ್ಯಾಲೆಂಡರ್ ನೋಡಿ ನೋಡಿಯೇ ಇಷ್ಟು ವರ್ಷ ಕಳೆದಿರುತ್ತಾಳೆ.

ಡಬ್ಬಿ ವಿಷಯ ಓದಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಾವು ಊರಿಗೆ ಸಾಮಾನು ಕಳಿಸುವ ಬಾಲಿಕ್‌ಬಾಯನ್ ಬಾಕ್ಸ್ ತುಂಬುವಾಗ ಮಕ್ಕಳ ಶೂ ಅಳತೆ ಹೇಗೆ ತಿಳಿಯುತ್ತಿದ್ದೆವು ಗೊತ್ತಾ? ಊರಲ್ಲಿ ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಆ ಕಾಗದ ಕತ್ತರಿಸಿ ಅಂಗಡಿಗೆ ಒಯ್ದು ಶೂ ಒಳಗೆ ಇಟ್ಟು ನೋಡುತ್ತಿದ್ದೆ. ಬಾಕ್ಸ್ ಹಡಗಿನಲ್ಲಿ ಊರು ಮುಟ್ಟುವುದಕ್ಕೆ ಎರಡು ತಿಂಗಳು, ಕೆಲವೊಮ್ಮೆ ಜಾಸ್ತಿ. ಅಷ್ಟರಲ್ಲಿ ಪಾದ ಬೆಳೆದಿರುತ್ತಿತ್ತು. ಆ ಮೇಲೆ ನಾನು ಯಾವಾಗಲೂ ಒಂದು ಸೈಜ್ ದೊಡ್ಡದೇ ಕೊಳ್ಳುತ್ತಿದ್ದೆ. ಆದರೆ ನಾಲಿಗೆ ಎಷ್ಟು ಬೆಳೆಯಿತು ಅಂತ ಅಳೆಯುವ ಕಾಗದ ಯಾರ ಹತ್ತಿರವೂ ಇರಲಿಲ್ಲ.

ಖಾಲಿ ಡಬ್ಬಿ ತಂದು ಅವಳಿಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಳ್ಳಬೇಡ. ಬಾಯಿ ಬಿಟ್ಟು ಹೇಳು. ನನ್ನ ದೊಡ್ಡವಳು ಒಂದು ವರ್ಷ ಎಲ್ಲಕ್ಕೂ 'ಪರವಾಗಿಲ್ಲ ಮಮ್ಮಿ' ಅನ್ನುತ್ತಿದ್ದಳು. ಒಂದು ದಿನ 'ಈ ಸ್ಪಗೆಟ್ಟಿ ಇಷ್ಟು ಸಿಹಿ ಯಾಕೆ ಮಾಡ್ತೀಯ' ಅಂತ ರೇಗಿದಳು. ನನಗೆ ಆ ದಿನ ಎಷ್ಟು ಖುಷಿ ಆಯಿತು! ಮನೆಯವರ ಮೇಲೆ ತಾನೇ ರೇಗುವುದು? ನೆಂಟರ ಮೇಲೆ ಯಾರು ರೇಗುತ್ತಾರೆ?

ನಾನಾಯ್ ಅಂತ ಕೂಗಿದ್ದಕ್ಕೆ ಕ್ಷಮೆ ಕೇಳಲು ಹೋಗಬೇಡ. ಅವಳೂ ಜಾರಿ ಬಿದ್ದರೆ ಅದನ್ನೇ ಕೂಗುತ್ತಾಳೆ, ಅವಳ ತಾಯಿಯೂ ಅದೇ ಹೆಂಗಸು ತಾನೇ?


ಇಲೋಯಿಲೋ ಇಂದಾಯ್:

ಎಲ್ಲರಿಗೂ ಥ್ಯಾಂಕ್ಸ್. ಟೀಟಾ, ನೀವು ಬರೆದದ್ದನ್ನು ಬಸ್ಸಿನಲ್ಲಿ ಓದಿದೆ, ಇಳಿಯುವ ಸ್ಟಾಪ್ ದಾಟಿ ಹೋಯಿತು.

ಮಾನೊಂಗ್, ಕೌನ್ಸೆಲರ್ ಹತ್ತಿರ ಹೋಗಿದ್ದೆ. ನನ್ನ ಪೇಪರ್‌ಗಳಲ್ಲಿ 11ನೇ ಗ್ರೇಡ್‌ನ ಎರಡನೇ ಸೆಮಿಸ್ಟರ್‌ನ ಅಂಕಗಳೇ ಬಂದಿರಲಿಲ್ಲ. ಎಸ್‌ಎಫ್10ಗೆ ಊರಿನ ಶಾಲೆಗೆ ಬರೆದಿದ್ದೇನೆ, ನಾನಾಯ್ ಖುದ್ದಾಗಿ ಹೋಗಿ ಕೂತು ತರುತ್ತಾಳಂತೆ. ಅವಳು ಕೂತರೆ ಅವರು ಕೊಡಲೇಬೇಕು. ಸದ್ಯಕ್ಕೆ ಕೆಮಿಸ್ಟ್ರಿ ಮತ್ತು ಪ್ರಿ-ಕ್ಯಾಲ್ಕುಲಸ್ ಹಾಕಿಸಿಕೊಂಡೆ. ಮೇಷ್ಟ್ರಿಗೆ ಹುಬ್ಬಿನ ವಿಷಯವನ್ನೂ ಹೇಳಿದೆ. ಈಗ ಅವರೇ ನನ್ನನ್ನು ನೋಡಿ ಹುಬ್ಬು ಎತ್ತುತ್ತಾರೆ, ಆದರೆ ಎರಡು ಹುಬ್ಬು ಒಟ್ಟಿಗೆ ಏಳುವುದಿಲ್ಲ.

ಹಾಟ್‌ಡಾಗ್ ಸೇರುವುದಿಲ್ಲ ಅಂತ ಹೇಳಿಬಿಟ್ಟೆ. ಅಮ್ಮ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡುತ್ತಾ ನಿಂತರು. ಆಮೇಲೆ 'ಮತ್ತೆ ಇಷ್ಟು ದಿನ ಯಾರು ತಿಂದರು?' ಅಂತ ಕೇಳಿದರು. ಪಕ್ಕದ ಹುಡುಗ ಅಂದೆ. 'ಯಾವ ಹುಡುಗ?' ಅಂತ ಶುರುವಾಯಿತು ನೋಡಿ. ನಮ್ಮಿಬ್ಬರ ಮೊದಲ ಜಗಳ ಹಾಟ್‌ಡಾಗ್‌ಗೆ ಆಗಲಿಲ್ಲ, ಆ ಹುಡುಗನಿಗೆ ಆಯಿತು. ಅವನಿಗೆ ಇದೊಂದೂ ಗೊತ್ತಿಲ್ಲ, ಪಾಪ.

ಜಗಳ ಮುಗಿದ ಮೇಲೆ ಏನು ತಿಂತೀಯ ಹೇಳು ಅಂದರು. ಕೆಬಿಎಲ್ ಅಂದೆ. ಇಲೋಂಗೋ ಅಲ್ಲದವರಿಗೆ: ತೊಗರಿಕಾಳು, ಹಂದಿಮಾಂಸ, ಎಳೆ ಹಲಸಿನಕಾಯಿ ಹಾಕಿ ಮಾಡುವ ಹುಳಿ ಸಾರು. ಅಮ್ಮ ಅದನ್ನು ಮಾಡಿ ಎಷ್ಟೋ ವರ್ಷ ಆಗಿತ್ತು, ಅಳತೆ ಮರೆತುಹೋಗಿದೆ. ಸಂಜೆ ಆರಕ್ಕೆ ಊರಿಗೆ ಫೋನ್ ಮಾಡಿದೆವು, ಅಲ್ಲಿ ಮರುದಿನ ಬೆಳಗ್ಗೆ ಎಂಟು. ಹಲಸಿನಕಾಯಿ ಮೊದಲಾ ಕಾಳು ಮೊದಲಾ ಅಂತ ಅಮ್ಮ ಕೇಳಿದ್ದಕ್ಕೆ ನಾನಾಯ್ ಫೋನಿನಲ್ಲೇ ಬೈದಳು, ಇಷ್ಟು ದೊಡ್ಡವಳಾದೆ, ಇದೂ ಗೊತ್ತಿಲ್ವಾ ಅಂತ. ಅಮ್ಮ ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು.

ಶನಿವಾರ ಅಮ್ಮನಿಗೆ ರಜೆ, ಅವತ್ತು ಮಾಡುತ್ತೇವೆ. ಒಂದೇ ತೊಂದರೆ, ಹುಳಿಗೆ ಬಟ್ವಾನ್ ಕಾಯಿ ಬೇಕು. ವಿನಿಪೆಗ್‌ನಲ್ಲಿ ಎಲ್ಲಾದರೂ ಸಿಗುತ್ತದಾ?


ಬಾಕೊಲೋಡ್ ಮಾನೊಂಗ್:

ಮೆಕ್‌ಫಿಲಿಪ್ಸ್ ರಸ್ತೆಯ ನಮ್ಮವರ ಅಂಗಡಿ ಸೀಫುಡ್ ಸಿಟಿಯಲ್ಲಿ ಫ್ರೀಜರ್ ಕಡೆ ಹುಡುಕಿ ನೋಡು. ಎಳೆ ಹಲಸಿನಕಾಯಿಯೂ ಅಲ್ಲೇ ಸಿಗುತ್ತದೆ, ಡಬ್ಬದಲ್ಲಿ. ಬಟ್ವಾನ್ ಸಿಗದಿದ್ದರೆ ಹುಣಸೆಯ ಸಿನಿಗಾಂಗ್ ಪುಡಿ, ಅಂದರೆ ಹುಳಿ ಸಾರಿನ ಪುಡಿ ಹಾಕಿ. ಬಾಕೊಲೋಡ್‌ನವನಾಗಿ ಇದನ್ನು ಬರೆಯುವುದಕ್ಕೆ ನಾಚಿಕೆ ಆಗುತ್ತದೆ, ನಾನಾಯ್‌ಗೆ ಹೇಳಬೇಡ. ಕಾಳು ಮಾತ್ರ ಇಂಡಿಯನ್ ಅಂಗಡಿಯಲ್ಲಿ ತಗೋ. ಬೇಳೆ ಅಲ್ಲ, ಇಡೀ ತೊಗರಿಕಾಳು ಅಂತ ಕೇಳು. ಶುಕ್ರವಾರ ರಾತ್ರಿಯೇ ನೆನೆಹಾಕು, ಇಲ್ಲದಿದ್ದರೆ ಶನಿವಾರದ ಊಟ ಭಾನುವಾರಕ್ಕೆ ಹೋಗುತ್ತದೆ.